ಕಾರಿನ ಲೆದರ್ ಸೀಟಿಗೆ ಮನೆಯಲ್ಲೇ ಬಣ್ಣ: ಒಳಗಿಳಿಯುವ ಬಣ್ಣ, ಮೇಲೆ ಕೂರುವ ಬಣ್ಣ

ಮಂಡ್ಯದಿಂದ ಮೈಸೂರಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ. ಅಷ್ಟು ಹೊತ್ತೂ ನನ್ನ ಮಾವ ಮುಂದಿನ ಸೀಟಿನಲ್ಲಿ ಕೂತಿದ್ದರು. ಏಪ್ರಿಲ್ ಬಿಸಿಲು, ಎ.ಸಿ. ಕೈಕೊಟ್ಟಿತ್ತು, ಮೈಯೆಲ್ಲ ಬೆವರು. ಕಲ್ಯಾಣ ಮಂಟಪದ ಮುಂದೆ ಇಳಿದು ನಾಲ್ಕು ಹೆಜ್ಜೆ ಹಾಕಿದರು. ಹಿಂದೆ ಬರುತ್ತಿದ್ದ ನನ್ನ ಹೆಂಡತಿ "ಅಯ್ಯೋ, ಅಪ್ಪಾ!" ಅಂದಳು. ಬಿಳಿ ಪಂಚೆಯ ಹಿಂಭಾಗದಲ್ಲಿ ಸೀಟಿನ ಹೊಲಿಗೆ ಗೆರೆ ಸಮೇತ ಕಪ್ಪು ಅಚ್ಚು ಬಿದ್ದಿತ್ತು. ಮಾವ ಕತ್ತು ತಿರುಗಿಸಿ ನೋಡಿಕೊಂಡು, "ಏನ್ರೀ ಅಳಿಯಂದ್ರೆ, ಸೀಟಿಗೆ ಟಾರು ಬಳಿಸಿದ್ದೀರಾ?" ಅಂತ ಕೇಳಿದರು.

ಟಾರಲ್ಲ, ಹಿಂದಿನ ವಾರ ನಾನೇ ಕೂತು ಬಳಿದಿದ್ದ ಶೂ ಡೈ. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಕಪ್ಪು ಲೆದರ್ ಸೀಟು. ವರ್ಷಗಟ್ಟಲೆ ಬಿಸಿಲಲ್ಲೇ ನಿಂತು ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಚಪ್ಪಲಿ, ಶೂ ಸಾಮಾನು ಮಾರುವ ಅಂಗಡಿಯೊಂದರಲ್ಲಿ 'ಲೆದರ್ ಡೈ' ಅಂತ ಬರೆದ ಬಾಟಲಿ ಸಿಕ್ಕಿತು. ಮೂಗಿಗೆ ಹಿಡಿದರೆ ಸ್ಪಿರಿಟ್ ವಾಸನೆ. ಶೂ ಆದರೇನು, ಸೀಟಾದರೇನು, ಎರಡೂ ಲೆದರ್ ಅಲ್ವಾ ಅಂದುಕೊಂಡು ಬಟ್ಟೆಯಲ್ಲಿ ಅದ್ದಿ ಬಳಿದೆ. ಒಂದು ವಾರ ಸೀಟು ಷೋರೂಮಿನಿಂದ ಈಗಷ್ಟೇ ತಂದ ಹಾಗಿತ್ತು. ಆಮೇಲೆ ಮಾವ ಕೂತರು.

ಬಾಟಲಿಯದ್ದೇನೂ ತಪ್ಪಿರಲಿಲ್ಲ. ಶೂ ಮಾಡುವವರಿಗೆ ಅದು ಸರಿಯಾದ ಸರಕೇ. ಕಾರಿನ ಸೀಟಿನ ಲೆದರನ್ನು ಹೇಗೆ ಮಾಡಿರುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದರೆ ಈ ಕೆಲಸದ ಮುಕ್ಕಾಲು ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಗೊಂಬೆಯ ಬಣ್ಣ, ಉಗುರಿನ ಬಣ್ಣ

ತೊಗಲುಗೊಂಬೆ ಆಟ ನೋಡಿದವರಿಗೆ ನೆನಪಿರುತ್ತದೆ. ಪರದೆ ಹಿಂದೆ ದೀಪ ಉರಿಯುತ್ತಿರುತ್ತದೆ. ಗೊಂಬೆಯ ಕೆಂಪು, ಹಸಿರಿನ ಮೂಲಕ ಬೆಳಕು ತೂರಿ ನಮ್ಮ ಕಣ್ಣಿಗೆ ಬರುತ್ತದೆ. ಬಣ್ಣ ತೊಗಲಿನ ಒಳಗೇ ಇಳಿದಿರುವುದರಿಂದ ಹಾಗೆ ಕಾಣುತ್ತದೆ. ಅದರ ಮೇಲೆ ಎಣ್ಣೆ ಪೇಂಟ್ ಬಳಿದಿದ್ದರೆ ಪರದೆಯ ಮೇಲೆ ಬರೀ ಕಪ್ಪು ನೆರಳು ಬೀಳುತ್ತಿತ್ತು. ಹೀಗೆ ಒಳಗಿಳಿದು ನಾರಿಗೆ ಹಿಡಿದುಕೊಳ್ಳುವುದೇ ಡೈ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ಮೈಸೂರಿನದ್ದೇ ಇದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ವೋಟಿನ ಶಾಯಿ ಮಾಡಿಕೊಂಡು ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆರಳಿನ ಚರ್ಮದ ಜೊತೆ ಸೇರಿ ಕಪ್ಪಾಗುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಆ ಚರ್ಮ ಸವೆದು ಹೊಸದು ಬಂದಾಗಲೇ ಹೋಗುವುದು. ಅದೇ ಬೆರಳಿನ ಉಗುರಿಗೆ ಹಚ್ಚುವ ನೇಲ್ ಪಾಲಿಷ್ ಮೇಲೆ ಕೂತಿರುವ ಪೊರೆ. ಅಂಚಿನಲ್ಲಿ ಒಮ್ಮೆ ಎದ್ದರೆ ಸಿಪ್ಪೆಯಾಗಿ ಬಂದುಬಿಡುತ್ತದೆ.

ಕಾರಿನ ಸೀಟು ಹೆಚ್ಚುಕಡಿಮೆ ಯಾವಾಗಲೂ ನೇಲ್ ಪಾಲಿಷ್ ಜಾತಿಯದ್ದು.

ಹೇಗೆ ಅಂದರೆ, ಮೊದಲು ಚರ್ಮವನ್ನು ಹದ ಮಾಡುತ್ತಾರೆ. ಹಿಂದೆ ನಮ್ಮ ಕಡೆ ತಂಗಡಿ ಗಿಡದ ತೊಗಟೆ ಹಾಕಿ ಹದ ಮಾಡುತ್ತಿದ್ದರು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಆ ಗಿಡವೇ, ಕೆಲವರು ಆವರಿಕೆ ಅನ್ನುತ್ತಾರೆ. ಈಗ ಪ್ರಪಂಚದ ಹೆಚ್ಚಿನ ಲೆದರ್ ಹದವಾಗುವುದು ಕ್ರೋಮಿಯಂ ಲವಣದಲ್ಲಿ. ಆ ಹಂತದಲ್ಲಿ ಚರ್ಮ ತಿಳಿ ನೀಲಿ ಬಣ್ಣಕ್ಕೆ ಬರುತ್ತದೆ. ಆಮೇಲೆ ದೊಡ್ಡ ಪೀಪಾಯಿಯಂಥ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿ ಡೈ ಇಳಿಸುತ್ತಾರೆ. ಶೂ ಲೆದರಿಗೂ ಬ್ಯಾಗಿಗೂ ಸೀಟಿಗೂ ಇಲ್ಲಿಯವರೆಗೆ ಕಥೆ ಹೆಚ್ಚುಕಡಿಮೆ ಒಂದೇ. ಸೀಟಿಗೆ ಇದರ ಮೇಲೆ ಇನ್ನೆರಡು ಪದರ ಬರುತ್ತವೆ. ಒಂದು, ಪಿಗ್ಮೆಂಟ್, ಅಂದರೆ ಕರಗದ ಬಣ್ಣದ ಪುಡಿ, ಸೇರಿಸಿದ ಪೇಂಟಿನಂಥ ಪದರ. ಅದರ ಮೇಲೊಂದು ಪಾರದರ್ಶಕ ಪಾಲಿಯುರೆಥೇನ್ ಪದರ, ಅಂದರೆ ಕ್ಲಿಯರ್ ಕೋಟ್. ಬೆವರು, ಕಾಫಿ, ಜೀನ್ಸ್ ಉಜ್ಜಾಟ, ಬಿಸಿಲು ಎಲ್ಲವನ್ನೂ ತಡೆಯುವುದು ಈ ಮೇಲಿನ ಪದರವೇ.

ಅಂದಮೇಲೆ ನಾನು ಬಳಿದ ಸ್ಪಿರಿಟ್ ಡೈಗೆ ಏನಾಯಿತು ಅನ್ನುವುದು ಅರ್ಥವಾಗುತ್ತದೆ. ಒಳಗಿಳಿಯಲು ಅದಕ್ಕೆ ದಾರಿಯೇ ಇರಲಿಲ್ಲ. ಮಳೆಗಾಲದಲ್ಲಿ ರೇನ್‌ಕೋಟ್ ಹಾಕಿಕೊಂಡವನ ಮೇಲೆ ನೀರು ಸುರಿದ ಹಾಗೆ. ಸ್ಪಿರಿಟ್ ಹಾರಿಹೋಯಿತು, ಬಣ್ಣದ ಪುಡಿ ಮೇಲೆ ಉಳಿಯಿತು. ಬೆವರು ಮತ್ತು ಶಾಖ ಸೇರಿದ ತಕ್ಷಣ ಆ ಪುಡಿ ಪಂಚೆಗೆ ಹತ್ತಿತು.

ಹಾಗಾಗಿ 'ಸೀಟಿಗೆ ಡೈ ಹಾಕುವುದು' ಅಂತ ಎಲ್ಲರೂ ಹೇಳಿದರೂ ಮಾಡಬೇಕಾದದ್ದು ಪೇಂಟ್ ಕೆಲಸ. ನೀರಿನಲ್ಲಿ ಬೆರೆತಿರುವ ಬೈಂಡರ್, ಅಂದರೆ ಬಣ್ಣವನ್ನು ಹಿಡಿದಿಡುವ ಅಂಟು, ಅದರಲ್ಲಿ ಪಿಗ್ಮೆಂಟ್. ಲೆದರ್ ಜೊತೆ ಬಾಗಬೇಕು, ಬಿರಿಯಬಾರದು. 'ಲೆದರ್ ಕಲರಂಟ್', 'ಲೆದರ್ ರಿಫಿನಿಷ್' ಅನ್ನುವ ಹೆಸರಿನಲ್ಲಿ ಸಿಗುವುದು ಇದು. ಬಾಟಲಿ ಮೇಲೆ ಡೈ ಅಂತಲೇ ಬರೆದಿದ್ದರೂ ಬೆಚ್ಚಬೇಡಿ. ಅದು ವಾಟರ್ ಬೇಸ್ಡ್ ಹೌದಾ, ಕಾರಿನ ಸೀಟಿಗೆ ಅಂತ ಹೇಳಿದ್ದಾರಾ, ಅದರ ಜೊತೆಗೇ ಹಾಕುವ ಟಾಪ್ ಕೋಟ್, ಅಂದರೆ ಮೇಲಿನ ಕ್ಲಿಯರ್ ಕೋಟ್, ಸಿಗುತ್ತದಾ, ಇಷ್ಟು ನೋಡಿ.

ಮೊದಲು ಅದು ಲೆದರ್ರಾ ನೋಡಿ

ನಮ್ಮ ಕಡೆ ಓಡಾಡುವ ಕಾರುಗಳಲ್ಲಿ 'ಲೆದರ್ ಸೀಟು' ಅಂತ ಕರೆಯುವುದರಲ್ಲಿ ಬಹಳಷ್ಟು ರೆಕ್ಸಿನ್, ಆರ್ಟ್ ಲೆದರ್, ಲೆದರೆಟ್. ಎಲ್ಲದರ ಹಿಂದೆಯೂ ಬಟ್ಟೆ, ಮೇಲೆ ಪ್ಲಾಸ್ಟಿಕ್ ಪದರ. ಕಂಪನಿಯವರೇ ಲೆದರ್ ಹಾಕಿದ್ದರೂ ನಾವು ಕೂರುವ, ಒರಗುವ ಭಾಗ ಮಾತ್ರ ಅಸಲಿ ಇದ್ದು, ಪಕ್ಕ ಮತ್ತು ಹಿಂಭಾಗ ವಿನೈಲ್ ಅನ್ನುವ ಪ್ಲಾಸ್ಟಿಕ್ ಇರುವುದು ಮಾಮೂಲು.

ಪತ್ತೆ ಮಾಡುವುದು ಕಷ್ಟವೇನಲ್ಲ. ಸೀಟಿನ ಅಡಿಗೆ ಕೈ ಹಾಕಿ ಕವರಿನ ಮಡಿಸಿದ ಅಂಚನ್ನು ತಿರುವಿ ನೋಡಿ. ಹಿಂಭಾಗ ನಾರುನಾರಾಗಿ, ಒರಟಾಗಿ ಇದ್ದರೆ ಲೆದರ್. ನೇಯ್ದ ಬಟ್ಟೆ ಕಂಡರೆ ರೆಕ್ಸಿನ್. ಬೆಂಕಿಕಡ್ಡಿ ಗೀರಿ ವಾಸನೆ ನೋಡುವವರೂ ಇದ್ದಾರೆ. ದಯವಿಟ್ಟು ಬೇಡ, ಕಾರಿನ ಒಳಗೆ ಫೋಮ್ ಇರುತ್ತದೆ.

ಗಟ್ಟಿಯಾಗಿರುವ ರೆಕ್ಸಿನ್ನಿಗೆ ವಿನೈಲಿಗೆ ಅಂತಲೇ ಇರುವ ಬಣ್ಣ ಹಾಕಬಹುದು. ಆದರೆ ಪದರ ಪದರವಾಗಿ ಸಿಪ್ಪೆ ಏಳುತ್ತಿದ್ದರೆ ಆಸೆ ಬಿಡಿ. ಅದು ಗಾಳಿಯ ತೇವಕ್ಕೆ ಪ್ಲಾಸ್ಟಿಕ್ಕೇ ಒಳಗಿನಿಂದ ಮುರಿದುಹೋಗಿರುವುದು. ಅದರ ಮೇಲೆ ಬಳಿದ ಬಣ್ಣ ಸಿಪ್ಪೆ ಜೊತೆಗೇ ಉದುರುತ್ತದೆ. ಸೀದಾ ಕುಶನ್ ವರ್ಕ್ಸಿಗೆ ಹೋಗಿ ಹೊಸ ಕವರ್ ಹೊಲಿಸಿ.

ಅಪರೂಪಕ್ಕೆ ಕೆಲವು ದುಬಾರಿ ಕಾರುಗಳಲ್ಲಿ ಪೇಂಟ್ ಪದರ ಇಲ್ಲದ ಅನಿಲೀನ್ ಲೆದರ್ ಇರುತ್ತದೆ. ಒಂದು ಹನಿ ನೀರು ಬಿಟ್ಟರೆ ಹೀರಿಕೊಂಡು ಅಲ್ಲಿ ಕಪ್ಪಾಗುತ್ತದೆ. ಅದರ ದಾರಿಯೇ ಬೇರೆ, ಅದನ್ನು ಗೊತ್ತಿದ್ದವರ ಕೈಗೆ ಕೊಡಿ. ಹನಿ ಮಣಿಯಂತೆ ಮೇಲೇ ನಿಂತರೆ ಇಲ್ಲಿ ಹೇಳುತ್ತಿರುವುದು ನಿಮಗೆ.

ಎಣ್ಣೆ ಅನ್ನುವ ಶತ್ರು

ನೇಲ್ ಪಾಲಿಷ್ ಜಾತಿ ಅಂದೆನಲ್ಲ, ಆ ಮಾತಿನಿಂದಲೇ ಮುಂದಿನದ್ದೆಲ್ಲ ಹುಟ್ಟುತ್ತದೆ. ಮೇಲೆ ಕೂರುವ ಬಣ್ಣ ಎಷ್ಟು ದಿನ ಬಾಳುತ್ತದೆ ಅನ್ನುವುದು ಕೆಳಗಿನ ನೆಲ ಎಷ್ಟು ಚೊಕ್ಕಟ ಅನ್ನುವುದರ ಮೇಲೆ ನಿಂತಿದೆ. ನನ್ನ ಎರಡನೇ ಪ್ರಯತ್ನದಲ್ಲಿ ಬಣ್ಣ ಹಚ್ಚಲು ಹಿಡಿದದ್ದು ಅರ್ಧ ದಿನ. ತೊಳೆಯಲು ಹಿಡಿದದ್ದು ಎರಡು ದಿನ.

ಹೆಡ್‌ರೆಸ್ಟಿನಿಂದ ಶುರು ಮಾಡಿದೆ. ನಮ್ಮಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಾಕದ ಮನೆ ಯಾವುದಿದೆ? ಹತ್ತು ವರ್ಷದ ಎಣ್ಣೆ ಅಲ್ಲಿ ಕೂತಿತ್ತು. ಲೆದರ್ ಕ್ಲೀನರನ್ನು ಮೆತ್ತನೆ ಬ್ರಷ್ಷಿಗೆ ಹಾಕಿ ನೊರೆ ಬರಿಸಿ ಸುತ್ತ ಉಜ್ಜಿದೆ. ಬಿಳಿ ನೊರೆ ಕಣ್ಣೆದುರೇ ಫಿಲ್ಟರ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಒರೆಸಿದೆ. ಮತ್ತೆ ನೊರೆ, ಈ ಸಲ ಹಾಲು ಬೆರೆಸಿದ ಕಾಫಿ. ಐದನೇ ಸಲಕ್ಕೆ ನೊರೆ ಬೆಳ್ಳಗೇ ಉಳಿಯಿತು. ಮುಗಿಯಿತು ಅಂದುಕೊಂಡು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಮತ್ತೆ ಹಳದಿ. ಹೊಲಿಗೆ ಸಾಲಿನಲ್ಲಿ ಹಳೇ ಟೂತ್‌ಬ್ರಷ್ ಆಡಿಸಿದಾಗ ಎಣ್ಣೆ, ಧೂಳು, ಯಾವುದೋ ಆಯುಧಪೂಜೆಯ ಕುಂಕುಮ ಎಲ್ಲ ಸೇರಿದ ಕೆಸರು ಎದ್ದು ಬಂತು.

ಬಟ್ಟೆ ಸೋಪು, ಡಿಟರ್ಜೆಂಟ್ ಪುಡಿ ಬೇಡ. ಲೆದರ್ ಸ್ವಲ್ಪ ಆಮ್ಲೀಯ, ಸೋಪು ಕ್ಷಾರ. ಒಂದು ಸಲಕ್ಕೆ ಏನೂ ಆಗದಿರಬಹುದು, ಆದರೆ ಬಿರುಕಿನ ಮೂಲಕ ಒಳಗಿಳಿದರೆ ನಾರು ಒರಟಾಗುತ್ತದೆ. ನೀರನ್ನೂ ಸುರಿಯಬೇಡಿ. ಕೆಳಗಿರುವ ಫೋಮ್ ಹೀರಿಕೊಂಡರೆ ಒಣಗಲು ದಿನಗಟ್ಟಲೆ ಬೇಕು, ಜೊತೆಗೆ ಮುಗ್ಗಲು ವಾಸನೆ ಉಚಿತ.

ಎಣ್ಣೆಗಿಂತ ದೊಡ್ಡ ಶತ್ರು ಸಿಲಿಕೋನ್. ಡ್ಯಾಶ್‌ಬೋರ್ಡ್ ಪಳಪಳ ಹೊಳೆಯಲಿ ಅಂತ ಹೊಡೆಯುವ ಪಾಲಿಷ್‌ಗಳಲ್ಲಿ ಬಹಳಷ್ಟರಲ್ಲಿ ಇದು ಇರುತ್ತದೆ. ತೊಳೆಯಲು ಬಿಟ್ಟಾಗ ಹುಡುಗರು ಸೀಟಿಗೂ ಒಂದು ಕೈ ಆಡಿಸಿಯೇ ಕೊಡುತ್ತಾರೆ. ಸಿಲಿಕೋನ್ ಉಳಿದ ಕಡೆ ಹೊಸ ಬಣ್ಣ ನಿಲ್ಲುವುದಿಲ್ಲ. ಎಣ್ಣೆ ಸವರಿದ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡಿಗಳಾಗುತ್ತವೆ. ಹಾಗೆ ಕಂಡರೆ ಮುಂದುವರಿಸಬೇಡಿ. ಒರೆಸಿ ತೆಗೆದು ಮತ್ತೆ ಆಲ್ಕೊಹಾಲ್ ಹಾಕಿ ತಿಕ್ಕಿ.

ಇಲ್ಲೊಂದು ಮಾತು ಹೇಳಲೇಬೇಕು. 'ಲೆದರ್ ಒಣಗಿದೆ, ಕೊಬ್ಬರಿ ಎಣ್ಣೆ ಸವರಿ' ಅನ್ನುವ ಸಲಹೆ ವಾಟ್ಸಾಪಿನಲ್ಲಿ ಆಗಾಗ ತಿರುಗುತ್ತಿರುತ್ತದೆ. ಮುಚ್ಚಿದ ಪದರದ ಮೇಲೆ ಎಣ್ಣೆ ಎಲ್ಲಿಗೆ ಇಳಿಯಬೇಕು? ಸುಮ್ನೆ ಧೂಳು ಹಿಡಿಸುತ್ತದೆ, ಮುಂದೆ ಬಣ್ಣ ಹಾಕುವವನ ಹೊಟ್ಟೆ ಉರಿಸುತ್ತದೆ.

ಆಲ್ಕೊಹಾಲ್ ಹಳೇ ಕ್ಲಿಯರ್ ಕೋಟನ್ನೂ ಸ್ವಲ್ಪ ಮೆತ್ತಗೆ ಮಾಡುತ್ತದೆ. ಅದು ಒಳ್ಳೆಯದೇ, ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಅಸಿಟೋನ್ ಬೇಡ, ಅದು ಅಡಿಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಆಮೇಲೆ 600 ನಂಬರಿನ ವಾಟರ್ ಪೇಪರಿನಲ್ಲಿ (ನುಣುಪಾದ ಉಜ್ಜುಕಾಗದ) ಹಗುರವಾಗಿ ಒಂದು ಸುತ್ತು ಉಜ್ಜಿ ಒರೆಸಿ. ಹೊಳಪು ಸತ್ತರೆ ಸಾಕು. ಲೆದರಿನ ಮೇಲಿನ ರೇಖೆಗಳು ಮಾಸುವಷ್ಟು ಉಜ್ಜಿದರೆ ಅವು ಮತ್ತೆ ಬರುವುದಿಲ್ಲ.

ಬಿರುಕು

ಡ್ರೈವರ್ ಹತ್ತಿ ಇಳಿಯುವಾಗ ಉಜ್ಜುವ ಪಕ್ಕದ ದಿಂಡು ಎಲ್ಲಕ್ಕಿಂತ ಮೊದಲು ಹಾಳಾಗುವುದು. ಅಲ್ಲಿ ಬಣ್ಣ ಮಾತ್ರ ಸವೆದಿದೆಯಾ, ಲೆದರೇ ಬಿರಿದಿದೆಯಾ ನೋಡಿಕೊಳ್ಳಿ. ಕೂದಲೆಳೆ ಬಿರುಕುಗಳಿಗೆ ಲೆದರ್ ಫಿಲ್ಲರ್ ಅಂತ ಬಾಗುವ ಪೇಸ್ಟ್ ಸಿಗುತ್ತದೆ. ಹಳೇ ಎ.ಟಿ.ಎಂ. ಕಾರ್ಡಿನಲ್ಲಿ ತೆಳುವಾಗಿ ತುಂಬಿ, ಒಣಗಿಸಿ, ಉಜ್ಜಿ, ಮತ್ತೊಮ್ಮೆ ತುಂಬಬೇಕು. ಗೋಡೆಗೆ ಬಳಸುವ ಪುಟ್ಟಿ, ಎಂಸೀಲ್ ತರಬೇಡಿ. ಅವು ಗಟ್ಟಿಯಾಗುತ್ತವೆ, ಮೊದಲ ಸಲ ಕೂತಾಗಲೇ ಚೂರಾಗುತ್ತವೆ. ಪೂರ್ತಿ ಹರಿದಿದ್ದರೆ ಅದು ಕುಶನ್ ಕೆಲಸದವರ ಹೊಲಿಗೆ ಮೆಷಿನ್ನಿನ ವಿಷಯ.

ಇದೇ ದಿಂಡಿನ ಹತ್ತಿರ ಒಂದು ಎಚ್ಚರಿಕೆ. ಸೀಟಿನ ಪಕ್ಕದಲ್ಲಿ 'ಏರ್‌ಬ್ಯಾಗ್' ಅನ್ನುವ ಚಿಕ್ಕ ಪಟ್ಟಿ ಇದೆಯಾ ನೋಡಿ. ಇದ್ದರೆ ಒಳಗೆ ಸೈಡ್ ಏರ್‌ಬ್ಯಾಗ್ ಇದೆ ಅಂತ. ಅಪಘಾತವಾದಾಗ ಅದು ಸೀಟಿನ ಹೊಲಿಗೆ ಕಿತ್ತುಕೊಂಡು ಹೊರಗೆ ಬರುವ ಹಾಗೆ ಆ ಹೊಲಿಗೆಯನ್ನು ಬೇಕೆಂದೇ ದುರ್ಬಲವಾಗಿ ಹಾಕಿರುತ್ತಾರೆ. ಆ ಸಾಲಿಗೆ ಫಿಲ್ಲರ್, ಅಂಟು ತುಂಬಬಾರದು, ದಾರ ಹಾಕಿ ಬಿಗಿಯಬಾರದು. ಕೆಲಸ ಸಲೀಸಾಗಲಿ ಅಂತ ಸೀಟನ್ನೇ ಬಿಚ್ಚಿ ಹೊರಗಿಡುವ ಯೋಚನೆಯನ್ನೂ ಬಿಡಿ. ಸೀಟಿನ ಕೆಳಗೆ ಹಳದಿ ಪ್ಲಗ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದ್ದು. ಅದನ್ನು ಮುಟ್ಟುವುದು ಮೆಕ್ಯಾನಿಕ್ ಕೆಲಸ. ಸೀಟು ಕಾರಿನಲ್ಲೇ ಇರಲಿ. ಬಾಗಿಲು ನಾಲ್ಕೂ ತೆರೆದು, ಸೀಟ್ ಬೆಲ್ಟ್, ಪ್ಲಾಸ್ಟಿಕ್ ಭಾಗಗಳಿಗೆ ಮಾಸ್ಕಿಂಗ್ ಟೇಪ್ ಮತ್ತು ಹಳೇ ಪೇಪರ್ ಸುತ್ತಿ.

ಬಣ್ಣದ ದಿನ

ಮೈಸೂರಿನಲ್ಲಿ ಇದಕ್ಕೆ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್. ಗಾಳಿ ಒಣಗಿರುತ್ತದೆ. ಜೂನ್, ಜುಲೈ ಜಡಿಮಳೆಯಲ್ಲಿ ಹಚ್ಚಿದರೆ ಬಣ್ಣ ಮೇಲೆ ಮಾತ್ರ ಒಣಗಿ ಒಳಗೆ ಅಂಟಂಟಾಗಿಯೇ ಉಳಿಯುತ್ತದೆ. ಸುಡುಬಿಸಿಲಲ್ಲಿ ಕಾದ ಸೀಟಿನ ಮೇಲೂ ಬೇಡ. ಸ್ಪಂಜು ಎಳೆಯುವ ಮೊದಲೇ ಒಣಗಿ ಗೆರೆ ನಿಲ್ಲುತ್ತದೆ. ಬೆಳಗಿನ ಹೊತ್ತು, ನೆರಳು.

ಕಪ್ಪೇ ಆದರೂ ಎಲ್ಲ ಕಪ್ಪೂ ಒಂದೇ ಅಲ್ಲ. ಹೆಡ್‌ರೆಸ್ಟ್ ಮೇಲೆತ್ತಿದರೆ ಕೆಳಗೆ ಬಿಸಿಲು ಕಾಣದ ಜಾಗ ಸಿಗುತ್ತದೆ. ಕಾರು ಹೊಸದಿದ್ದಾಗಿನ ಬಣ್ಣ ಅಲ್ಲಿ ಹಾಗೇ ಇರುತ್ತದೆ. ಅದಕ್ಕೆ ಹೊಂದಿಸಿ. ಬಾಟಲಿಯಲ್ಲಿ ಕಂಡ ಬಣ್ಣ ನಂಬಬೇಡಿ. ಬೈಂಡರ್ ಹಸಿಯಿದ್ದಾಗ ಹಾಲಿನ ಹಾಗಿರುತ್ತದೆ, ಆಗ ಬಣ್ಣ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ಕಾಣದ ಮೂಲೆಯಲ್ಲಿ ಒಂದು ಬೊಟ್ಟು ಹಚ್ಚಿ, ಹೇರ್ ಡ್ರೈಯರ್ ಹಿಡಿದು, ಹಗಲು ಬೆಳಕಲ್ಲಿ ನೋಡಿ. ಬೀಜ್, ಬೂದು ಬಣ್ಣದವರಿಗೆ ಇದು ತಾಳ್ಮೆ ಪರೀಕ್ಷೆ. ಇನ್ನು, ಕಪ್ಪು ಸೀಟನ್ನು ಕ್ರೀಮ್ ಬಣ್ಣಕ್ಕೆ ಬದಲಿಸುವ ಆಸೆ ಇದ್ದರೆ ನನ್ನ ಮಟ್ಟಿಗೆ ಬೇಡ ಅನ್ನುತ್ತೇನೆ. ಮಡಿಕೆ ಬೀಳುವ ಕಡೆ ಸವೆದ ಹಾಗೆಲ್ಲ ಅಡಿಯ ಕಪ್ಪು ಇಣುಕುತ್ತದೆ.

ಮೊದಲ ಕೋಟ್‌ಗೆ ಸ್ಪಂಜಿನಲ್ಲಿ ಒಂದೆರಡು ಚಮಚದಷ್ಟು ಬಣ್ಣ ಸಾಕು. ಲೆದರಿಗೆ ತಿಕ್ಕಿ ಹಿಡಿಸಿ. ಒಣಗಿದ ಮೇಲೆ ನೋಡಿದರೆ ಅಳು ಬರುತ್ತದೆ. ಪಟ್ಟೆಪಟ್ಟೆ, ಅಲ್ಲೊಂದು ಇಲ್ಲೊಂದು ಬೂದು ಇಣುಕುತ್ತಿರುತ್ತದೆ. ಇಲ್ಲೇ ಎಲ್ಲರೂ ಕೆಡುವುದು. ಮುಚ್ಚಿಬಿಡೋಣ ಅಂತ ಎರಡನೇ ಕೋಟನ್ನು ದಪ್ಪವಾಗಿ ಎಳೆಯುತ್ತಾರೆ. ಹಾಗೆ ಮಾಡಬೇಡಿ. ತೆಳು ಕೋಟು, ಹೇರ್ ಡ್ರೈಯರ್, ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಮತ್ತೊಂದು ತೆಳು ಕೋಟು. ಎರಡನೆಯದರಿಂದ ಎಳೆಯುವ ಬದಲು ಸ್ಪಂಜನ್ನು ಒತ್ತಿ ಒತ್ತಿ ಎತ್ತಿದರೆ ಗೆರೆ ಕಾಣುವುದಿಲ್ಲ. ನನಗೆ ಐದು ಕೋಟು ಬೇಕಾಯಿತು. ಮುಂದಿನ ಎರಡು ಸೀಟಿಗೆ 250 ಮಿ.ಲೀ. ಬಾಟಲಿಯಲ್ಲಿ ಇನ್ನೂ ಸ್ವಲ್ಪ ಉಳಿಯಿತು.

ತೆಳುವಾಗಿ ಅಂತ ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೇಲಿನ ಲೇಪನ 0.15 ಮಿ.ಮೀ. ಮೀರಿದರೆ ಅದನ್ನು ಬರೀ 'ಲೆದರ್' ಅಂತ ಕರೆಯುವಂತಿಲ್ಲ ಅಂತ ಅಂತಾರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಲೆದರಿನ ಮೃದುತನ, ಮಡಿಕೆ, ಸ್ಪರ್ಶ ಎಲ್ಲ ಆ ಚೂರು ದಪ್ಪದ ಲೆಕ್ಕದಲ್ಲಿದೆ. ದಪ್ಪ ಬಳಿದರೆ ಮುಟ್ಟಿದಾಗ ಪ್ಲಾಸ್ಟಿಕ್ ಕುರ್ಚಿ. ಕೂತಾಗ ಬಾಗಲಾರದೆ ಬಿರಿಯುತ್ತದೆ. ಸಣ್ಣ ತೂತುಗಳಿರುವ ಸೀಟಾದರೆ ತೂತು ಮುಚ್ಚಿಯೇ ಹೋಗುತ್ತದೆ. ಅಂಥ ಕಡೆ ಸ್ಪಂಜನ್ನು ಮೊದಲು ಪೇಪರಿಗೆ ಒತ್ತಿ, ಹೆಚ್ಚುಕಡಿಮೆ ಒಣಗಿದಂತಾದ ಮೇಲೆ ಸೀಟಿಗೆ ಮುಟ್ಟಿಸಿ.

ಕೊನೆಗೆ ಕ್ಲಿಯರ್ ಕೋಟ್, ಎರಡು ಅಥವಾ ಮೂರು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೇಯ್ದ ಹಾಗೆ, ಬಣ್ಣ ಮತ್ತೆ ಯಾರದಾದರೂ ಪಂಚೆ ಸೇರುತ್ತದೆ. ಹೊಳಪಿಲ್ಲದ ಮ್ಯಾಟ್ ಕೋಟ್ ತಗೊಳ್ಳಿ. ಹೊಳೆಯುವ ಗ್ಲಾಸಿ ಕೋಟ್ ಹಾಕಿದರೆ ಸೀಟು ಹೊಸ ಸೋಫಾ ತರ ಮಿಂಚುತ್ತದೆ, ನೋಡಿದವರಿಗೆ ಬಳಿದದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಕೆಲವು ಕಿಟ್‌ಗಳಲ್ಲಿ ಕ್ರಾಸ್‌ಲಿಂಕರ್ ಅಂತ ಚಿಕ್ಕ ಬಾಟಲಿ ಬರುತ್ತದೆ. ಹೇಳಿದಷ್ಟು ಹನಿ ಬೆರೆಸಿದರೆ ಪದರ ಗಟ್ಟಿಯಾಗಿ ಹಿಡಿಯುತ್ತದೆ. ಅದು ಮೈಗೆ ಒಳ್ಳೆಯದಲ್ಲ. ಗ್ಲೌಸು, ಮಾಸ್ಕು ಹಾಕಿ, ಗಾಳಿ ಆಡುವ ಕಡೆ ಕೆಲಸ ಮಾಡಿ, ಮಕ್ಕಳನ್ನು ದೂರ ಇಡಿ.

ಒಂದು ದಿನ ಪೂರ್ತಿ ಯಾರೂ ಕೂರುವುದು ಬೇಡ. ಒಂದು ವಾರ ನೀರು, ಕ್ಲೀನರ್ ಮುಟ್ಟಿಸಬೇಡಿ. ಬೆರಳಿಗೆ ಅಂಟದಿದ್ದರೂ ಒಳಗೆ ಪದರ ಇನ್ನೂ ಹದಕ್ಕೆ ಬರುತ್ತಿರುತ್ತದೆ. ವಾರ ಕಳೆದ ಮೇಲೆ ಬಿಳಿ ಬನಿಯನ್ ಬಟ್ಟೆಯನ್ನು ಒದ್ದೆ ಮಾಡಿ ಸೀಟಿನ ಮೇಲೆ ಇಪ್ಪತ್ತು ಸಲ ಜೋರಾಗಿ ಉಜ್ಜಿ ನೋಡಿದೆ. ಬಟ್ಟೆ ಬಿಳಿಯಾಗಿಯೇ ಬಂತು. ಅದನ್ನು ಮಾವನಿಗೂ ತೋರಿಸಿದೆ. ಅವರು ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಹೆಗಲ ಮೇಲಿನ ಟವೆಲ್ ತೆಗೆದು ಸೀಟಿನ ಮೇಲೆ ಹಾಸಿಕೊಂಡು ಕೂತರು.

ಇದೆಲ್ಲ ಮಾಡಿದರೂ ಡ್ರೈವರ್ ಪಕ್ಕದ ದಿಂಡು ಮತ್ತೆ ಸವೆಯುತ್ತದೆ. ಜೀನ್ಸ್ ಉಜ್ಜುವುದು ನಿಲ್ಲುವುದಿಲ್ಲವಲ್ಲ. ಅದಕ್ಕೇ ಉಳಿದ ಬಣ್ಣ ಚೆಲ್ಲಬೇಡಿ. ಕ್ರಾಸ್‌ಲಿಂಕರ್ ಬೆರೆಸಿದ್ದನ್ನು ಇಟ್ಟುಕೊಳ್ಳಲು ಬರುವುದಿಲ್ಲ, ಅದು ಡಬ್ಬಿಯಲ್ಲೇ ಕೆಟ್ಟುಹೋಗುತ್ತದೆ. ಬೆರೆಸದೆ ಉಳಿದದ್ದನ್ನು ಮಾತ್ರ ಮುಚ್ಚಳ ಬಿಗಿ ಮಾಡಿ, ಮೇಲೆ ತಾರೀಖು ಬರೆದು ತಂಪಾದ ಕಡೆ ಇಡಿ. ನಾನು ಅಟ್ಟದ ಮೇಲೆ ದಸರಾ ಬೊಂಬೆಗಳ ಪೆಟ್ಟಿಗೆ ಪಕ್ಕದಲ್ಲಿ ಇಟ್ಟಿದ್ದೇನೆ. ಹೇಗೂ ವರ್ಷಕ್ಕೊಮ್ಮೆ ಆ ಪೆಟ್ಟಿಗೆ ಇಳಿಸಬೇಕು. ಆಗ ಬಾಟಲಿಯೂ ಇಳಿಯುತ್ತದೆ, ಆಯುಧಪೂಜೆಗೆ ಕಾರು ತೊಳೆಯುವ ಮುಂಚೆ ಆ ದಿಂಡಿಗೆ ಒಂದು ಕೈ ಕ್ಲೀನರ್, ಒಂದು ಕೈ ಆಲ್ಕೊಹಾಲ್, ಎರಡು ತೆಳು ಕೋಟು.